ಲೈಟ್ ಹಾಕಿದರೆ ಏರುವ ಹೀಟ್ ಮುಳ್ಳು: ಕಾದಿರುವುದು ಎಂಜಿನ್ನೋ, ಕೆಟ್ಟಿರುವುದು ಮೀಟರೋ?

ಪ್ರಶ್ನೆ: ನಾಪೋಕ್ಲು ಬಳಿ ನಮ್ಮದು ಸಣ್ಣ ಕಾಫಿ ತೋಟ. ಅಪ್ಪನ ಕಾಲದ, 1994ರ ಡೀಸೆಲ್ ಜೀಪು ಇದೆ. ಎರಡು ವರ್ಷದ ಹಿಂದೆ ಸುಳ್ಯದಿಂದ ಬರುವಾಗ ಸಂಪಾಜೆ ಘಾಟಿಯಲ್ಲಿ ಹೀಟ್ ಮುಳ್ಳು ಮುಕ್ಕಾಲು ದಾಟಿತು. ಮೆಕ್ಯಾನಿಕ್ ಥರ್ಮೋಸ್ಟಾಟ್ (ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಕವಾಟ) ತೆಗೆದುಹಾಕಿ, "ನಮ್ಮ ಕಡೆಯ ಗಾಡಿಗೆ ಇದು ಬೇಡ" ಎಂದರು. ಈಗ ತೋಟದೊಳಗೆ ಓಡಿಸುವಾಗ ಮುಳ್ಳು ಕಾಲು ಭಾಗಕ್ಕಿಂತ ಮೇಲೆ ಏಳುವುದೇ ಇಲ್ಲ. ಆದರೆ ಮಂಜಿನಲ್ಲಿ ಹೆಡ್‌ಲೈಟ್, ವೈಪರ್ ಹಾಕಿಕೊಂಡು ಘಾಟಿ ಹತ್ತಿದರೆ ಎಚ್ (ಹಾಟ್) ಗೆರೆಯ ಹತ್ತಿರ ಹೋಗುತ್ತದೆ. ಮೇಲೆ ಬಂದು ಲೈಟ್ ಆರಿಸಿದರೆ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ರೇಡಿಯೇಟರ್ ನೀರು ಕಡಿಮೆಯಾಗಿಲ್ಲ. "ಲೈಟ್ ಹಾಕಿದರೆ ನಮ್ಮ ಜೀಪಲ್ಲಿ ಡೀಸೆಲ್ಲೂ ಜಾಸ್ತಿಯಾಗುತ್ತೆ" ಅಂತ ಮಗ ತಮಾಷೆ ಮಾಡುತ್ತಾನೆ. ಒಬ್ಬರು ಮೀಟರ್ ಬದಲಿಸಿ ಅನ್ನುತ್ತಾರೆ, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಅನ್ನುತ್ತಾರೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ನೊರೆಯೂ ಇದೆ. ಕೊಯ್ಲಿಗೆ ಮುಂಚೆ ಏನು ಮಾಡಲಿ?

ಉತ್ತರ: ನಿಮ್ಮ ಮಗನ ತಮಾಷೆಯಲ್ಲೇ ಅರ್ಧ ಉತ್ತರ ಇದೆ. ಹೆಡ್‌ಲೈಟ್ ಹಾಕಿದರೆ ಟ್ಯಾಂಕಿನಲ್ಲಿ ಡೀಸೆಲ್ ಹೆಚ್ಚಾಗುವುದಿಲ್ಲ. ಡೀಸೆಲ್ ಮುಳ್ಳು ಆ ಹೊತ್ತಿನಲ್ಲಿ ಸುಳ್ಳು ಹೇಳುತ್ತಿದ್ದರೆ, ಪಕ್ಕದಲ್ಲೇ ಕೂತು ಅದೇ ಕರೆಂಟು ತಿನ್ನುವ ಹೀಟ್ ಮುಳ್ಳೂ ಅಷ್ಟರಮಟ್ಟಿಗೆ ಸುಳ್ಳು ಹೇಳುತ್ತಿದೆ. ಜೊತೆಗೆ, ನೂರು ಕೆಜಿಗೂ ಮೀರಿದ ಎರಕದ ಕಬ್ಬಿಣ, ಅದರೊಳಗಿನ ಲೀಟರುಗಟ್ಟಲೆ ನೀರು, ಒಂದು ಸ್ವಿಚ್ ಆರಿಸಿದ ಅರ್ಧ ನಿಮಿಷದಲ್ಲಿ ಅಷ್ಟು ತಣಿಯಲಾರದು. ಹಾಗಾಗಿ ಎಂಜಿನ್ ಬಿಚ್ಚುವ ಮಾತು ಸದ್ಯಕ್ಕೆ ಬೇಡ.

ಹಾಗಂತ "ಮೀಟರ್ ಸರಿಯಿಲ್ಲ, ಬಿಡಿ" ಎಂದು ಘಾಟಿ ಹತ್ತುವುದೂ ಬೇಡ. ನಿಮ್ಮ ಗಾಡಿಯಲ್ಲಿ ಎರಡು ಬೇರೆ ಬೇರೆ ದೋಷ ಒಂದರ ಮೇಲೊಂದು ಕೂತಿವೆ ಅನ್ನಿಸುತ್ತದೆ: ಮೀಟರ್ ಬೋರ್ಡಿನ ಅರ್ತ್ (ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ) ಮತ್ತು ತೆಗೆದುಹಾಕಿದ ಥರ್ಮೋಸ್ಟಾಟ್. ಮೊದಲನೆಯದು ಮುಳ್ಳನ್ನು ಸುಳ್ಳಾಗಿ ಏರಿಸುತ್ತದೆ. ಎರಡನೆಯದು ಇಳಿಜಾರಿನಲ್ಲಿ, ಸಮತಟ್ಟಿನಲ್ಲಿ ಎಂಜಿನ್ನನ್ನು ಅತಿ ತಣ್ಣಗಿಡುತ್ತದೆ, ಘಾಟಿಯಲ್ಲಿ ನಿಜವಾಗಿಯೇ ಕಾಯಿಸಲೂಬಹುದು. ಬೇರ್ಪಡಿಸಿ ನೋಡಿದ ಮೇಲೇ ದುಡ್ಡು ಬಿಚ್ಚಿ.

ಮೊದಲು ಬಾನೆಟ್ ಎತ್ತಿ ಒಂದು ವಿಷಯ ಖಚಿತ ಮಾಡಿಕೊಳ್ಳಿ. ಹಳೆಯ ಜೀಪುಗಳಲ್ಲಿ ಎರಡು ಬಗೆಯ ಗೇಜ್ ಇರುತ್ತವೆ. ಎಂಜಿನ್ನಿಂದ ಗೇಜಿನ ಬೆನ್ನಿಗೆ ತೆಳುವಾದ ತಾಮ್ರದ ನಳಿಕೆ ಬಂದಿದ್ದರೆ ಅದು ಕರೆಂಟಿಲ್ಲದ ಗೇಜು. ನಳಿಕೆಯೊಳಗಿನ ದ್ರವ ಕಾದು ಹುಟ್ಟುವ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಆ ನಳಿಕೆ ಮುರಿದರೆ ಮುಳ್ಳು ಕೆಳಗೇ ಮಲಗುತ್ತದೆ, ಇಡೀ ಸೆಟ್ ಬದಲಿಸಬೇಕು, ಬೆಸುಗೆ ಹಾಕಿ ಪ್ರಯೋಜನವಿಲ್ಲ. ಅಂಥದ್ದು ಲೈಟಿಗೆ ಕುಣಿಯುವುದಿಲ್ಲ. ಆದ್ದರಿಂದ ನಿಮ್ಮದು ಎರಡನೆಯ ಬಗೆ, ಒಂಟಿ ವೈರಿನ ಸೆನ್ಸರ್ ಇರುವ ಎಲೆಕ್ಟ್ರಿಕ್ ಗೇಜು.

ಇದರ ಕೆಲಸ ಸರಳ. ಇಗ್ನಿಷನ್ನಿಂದ ಕರೆಂಟು ಗೇಜಿಗೆ ಬಂದು, ಅಲ್ಲಿಂದ ವೈರ್ ಹಿಡಿದು ಸೆನ್ಸರಿಗೆ ಇಳಿದು, ಸೆನ್ಸರಿನ ಹಿತ್ತಾಳೆ ಮೈಯ ಮೂಲಕ ಎಂಜಿನ್ನಿಗೆ ಅರ್ತ್ ಆಗುತ್ತದೆ. ನೀರು ತಣ್ಣಗಿದ್ದಾಗ ಸೆನ್ಸರಿನ ರೆಸಿಸ್ಟೆನ್ಸ್ ನೂರಾರು ಓಮ್, ಕೆಲವು ಸೆನ್ಸರಿನಲ್ಲಿ ಇನ್ನೂ ಹೆಚ್ಚು. ನೀರು ಕಾದಂತೆ ಅದು ಕೆಲವು ಹತ್ತು ಓಮ್‌ಗಳಿಗೆ ಇಳಿಯುತ್ತದೆ, ಕರೆಂಟು ಹೆಚ್ಚು ಹರಿಯುತ್ತದೆ, ಮುಳ್ಳು ಏರುತ್ತದೆ. ಮುಳ್ಳು ತೋರಿಸುವುದು ಕರೆಂಟನ್ನು, ಡಿಗ್ರಿಯನ್ನಲ್ಲ. ದಾರಿಯಲ್ಲಿ ಎಲ್ಲಿ ತುಕ್ಕು ಹಿಡಿದರೂ, ಎಲ್ಲಿ ವೈರಿನ ಸಿಪ್ಪೆ ಸುಲಿದರೂ ಅದು "ಉಷ್ಣತೆ"ಯಾಗಿಯೇ ಕಾಣುತ್ತದೆ.

ಹಾಗಾದರೆ ಲೈಟ್ ಹಾಕಿದಾಗ ಎರಡೂ ಮುಳ್ಳು ಏಕೆ ಏರಬೇಕು? ಹಳೆಯ ಮೀಟರ್ ಬೋರ್ಡುಗಳ ಬೆನ್ನಿನಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಡಬ್ಬಿ ಇರುತ್ತದೆ, ವೋಲ್ಟೇಜ್ ಸ್ಟೆಬಿಲೈಸರ್. ಬ್ಯಾಟರಿ 12 ಇರಲಿ, ಚಾರ್ಜ್ ಆಗುವಾಗ 14 ಇರಲಿ, ಎರಡೂ ಗೇಜಿಗೆ ಸುಮಾರು 10 ವೋಲ್ಟ್ (ಕೆಲವದರಲ್ಲಿ 5) ಸಿಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಆ ಡಬ್ಬಿಗೆ ಅರ್ತ್ ಸಿಗುವುದು ಮೀಟರ್ ಬೋರ್ಡಿನ ತಗಡಿನಿಂದ, ತಗಡಿಗೆ ಸಿಗುವುದು ಎರಡು ಸ್ಕ್ರೂಗಳಿಂದ. ಮಳೆಗಾಲದ ನಾಲ್ಕು ತಿಂಗಳು ಟಾರ್ಪಾಲ್ ಹುಡ್ಡಿನ ಜೀಪಿನಲ್ಲಿ ಆ ಸ್ಕ್ರೂಗಳ ಗತಿ ಏನಾಗಿರುತ್ತದೆ ಎಂದು ಬಿಚ್ಚಿದರೆ ಗೊತ್ತಾಗುತ್ತದೆ: ಹಸಿರು ಪುಡಿ, ಕೆಳಗೆ ಕೆಂಪು ತುಕ್ಕು. ಅರ್ತ್ ದುರ್ಬಲವಾದಾಗ ಮೀಟರಿನ ಒಳದೀಪಗಳ ಕರೆಂಟು ವಾಪಸು ಹೋಗಲು ತಿಣುಕುತ್ತದೆ, ತಗಡಿನ ವೋಲ್ಟೇಜು ಸೊನ್ನೆಯಿಂದ ಮೇಲೇಳುತ್ತದೆ. ಸ್ಟೆಬಿಲೈಸರ್ ಪಾಪ ಅದನ್ನೇ ಸೊನ್ನೆ ಅಂದುಕೊಂಡು ಅದರ ಮೇಲೆ 10 ವೋಲ್ಟ್ ಕೊಡುತ್ತದೆ. ಅರ್ತ್ ಪೂರ್ತಿ ಕಡಿದರಂತೂ ಬ್ಯಾಟರಿಯ ಅಷ್ಟೂ ವೋಲ್ಟೇಜು ಗೇಜಿಗೆ ಹೋಗುತ್ತದೆ. ಎರಡೂ ಮುಳ್ಳು ಮೇಲಕ್ಕೆ.

ಇದನ್ನು ಮಲ್ಟಿಮೀಟರಿನಿಂದ ಐದು ನಿಮಿಷದಲ್ಲಿ ಹಿಡಿಯಬಹುದು. 20 ವೋಲ್ಟ್ ಡಿಸಿಗೆ ತಿರುಗಿಸಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ. ವೈರ್ ಸಾಲದಿದ್ದರೆ ಉದ್ದ ಮಾಡಿಕೊಳ್ಳಿ. ಕೆಂಪು ಕಡ್ಡಿ ಮೀಟರ್ ಬೋರ್ಡಿನ ತಗಡಿನ ಮೇಲೆ, ಪೇಂಟ್ ಕೆರೆದ ಜಾಗದಲ್ಲಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಮತ್ತು ವೈಪರ್ ಹಾಕಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ಆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟೋ ಒಂದೋ ಬಂದರೆ ಕಳ್ಳ ಸಿಕ್ಕ ಹಾಗೆ. ಮದ್ದು: ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಟ್ಟು, ಮೀಟರ್ ಬೋರ್ಡಿನ ಒಂದು ಸ್ಕ್ರೂವಿನಿಂದ ಚಾಸಿಸ್‌ಗೆ 2.5 ಚದರ ಮಿಲಿಮೀಟರಿನ ಹೊಸ ವೈರ್ ಎಳೆಯಿರಿ, ಎರಡೂ ತುದಿಗೆ ರಿಂಗ್ ಲಗ್ ಹಾಕಿ, ಕೂರುವ ಜಾಗವನ್ನು ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿ ವೈರ್ ಬಿಚ್ಚುವ ಮುಂಚೆ ಹಾಗೆಯೇ ಒಂದು ತುಂಡು ವೈರ್ ಹಿಡಿದು ನೋಡಿದರೂ ಸಾಕು, ಲೈಟ್ ಹಾಕಿದಾಗ ಮುಳ್ಳುಗಳು ಅಲುಗಾಡದಿದ್ದರೆ ರೋಗ ಅದೇ.

ಅಲ್ಲೇ ಇನ್ನೊಂದು ಅರ್ತನ್ನೂ ನೋಡಿಬಿಡಿ: ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಹೆಣೆದ ತಾಮ್ರದ ಪಟ್ಟಿ. ಅದು ಹೋಗಿದ್ದರೆ ಹೀಟ್ ಮುಳ್ಳು ಒಂದೇ ಕುಣಿಯುತ್ತದೆ, ಡೀಸೆಲ್ ಮುಳ್ಳು ಸುಮ್ಮನಿರುತ್ತದೆ. ಇದು ನಿಮ್ಮ ಕೇಸಿಗೆ ಹೊಂದುವುದಿಲ್ಲ, ಆದರೂ ಮೂವತ್ತು ವರ್ಷದ ಪಟ್ಟಿಯನ್ನು ನಂಬಬೇಡಿ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದ್ದರೆ ಸ್ಟಾರ್ಟರಿನ ಕರೆಂಟು ಪಟ್ಟಿ ಬಿಟ್ಟು ಕೇಬಲಿನಲ್ಲಿ ಹರಿಯುತ್ತಿದೆ ಎಂದರ್ಥ.

ಅರ್ತ್ ಸರಿಮಾಡಿದ ಮೇಲೂ ಮುಳ್ಳಿನ ಮಾತು ನಂಬಬಹುದೇ ಎಂದು ನೋಡಬೇಕು. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸೆನ್ಸರಿನ ವೈರ್ ಕಳಚಿ. ಮುಳ್ಳು ಪೂರ್ತಿ ಸಿ (ಕೋಲ್ಡ್) ಕಡೆಗೆ ಬೀಳಬೇಕು. ಬೀಳದೆ ಎಚ್‌ನಲ್ಲೇ ನಿಂತಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇದಕ್ಕೆ ಹೆಚ್ಚಾಗಿ ಇಲಿಯೇ ಕಾರಣ, ಎಂಜಿನ್ನಿನ ಬಿಸಿಗೆ ಬಂದು ಕೂತು ವೈರಿನ ಸಿಪ್ಪೆ ತಿಂದಿರುತ್ತದೆ. ಮುಂದೆ, ಕಳಚಿದ ವೈರಿಗೂ ಎಂಜಿನ್ ಮೈಗೂ ನಡುವೆ ಮೀಟರಿಗೆ ಹಾಕುವ 12 ವೋಲ್ಟಿನ ಚಿಕ್ಕ ಬಲ್ಬ್ ಒಂದನ್ನು ಜೋಡಿಸಿ. ಮುಳ್ಳು ನಿಧಾನಕ್ಕೆ ಮೇಲೇರಬೇಕು, ಈ ಗೇಜುಗಳಿಗೆ ಹತ್ತಿಪ್ಪತ್ತು ಸೆಕೆಂಡು ಹಿಡಿಯುತ್ತದೆ. ಬಲ್ಬಿಲ್ಲದೆ ನೇರವಾಗಿ ಮೈಗೆ ಮುಟ್ಟಿಸಿ ಹಿಡಿದುಕೊಳ್ಳುವ ಅಭ್ಯಾಸ ಹಲವರಿಗಿದೆ. ಎರಡು ಸೆಕೆಂಡು ಸರಿ, ಹಾಗೇ ಹಿಡಿದರೆ ಗೇಜಿನೊಳಗಿನ ಹೀಟರ್ ತಂತಿ ಸುಟ್ಟು, ಸರಿಯಿದ್ದ ಗೇಜೂ ಹೋಗುತ್ತದೆ.

ಇನ್ನು ಮುಳ್ಳಿನ ಯಾವ ಗೆರೆ ಎಷ್ಟು ಡಿಗ್ರಿ ಎಂದು ತಿಳಿಯುವ ಕೆಲಸ. ಬಹಳಷ್ಟು ಜನ ಇದನ್ನು ಮಾಡುವುದಿಲ್ಲ, ಮಾಡಿದರೆ ಮುಂದಿನ ಹತ್ತು ವರ್ಷಕ್ಕೆ ನೆಮ್ಮದಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ಎರಡು ಮೂರು ಲೀಟರ್ ನೀರನ್ನು ಕೆಳಗಿನ ಕೊಳಾಯಿಯಿಂದ ಬಕೆಟ್ಟಿಗೆ ಇಳಿಸಿ ಸೆನ್ಸರ್ ಬಿಚ್ಚಿ. ಅದರ ತಲೆಗೂ ಗಾಡಿಯ ವೈರಿಗೂ ಒಂದು ಮೀಟರ್ ಉದ್ದದ ವೈರ್, ಅದರ ಹಿತ್ತಾಳೆ ಮೈಗೂ ಎಂಜಿನ್ನಿಗೂ ಇನ್ನೊಂದು. ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಕುದಿನೀರು ತಂದು, ಸೆನ್ಸರಿನ ಕೆಳಗಿನ ಮೊಳೆ ಮಾತ್ರ ಮುಳುಗುವಂತೆ ಇಳಿಬಿಡಿ, ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್. ಇಗ್ನಿಷನ್ ಹಾಕಿ ಒಂದು ನಿಮಿಷ ಕಾಯಿರಿ. 90 ಡಿಗ್ರಿಯಲ್ಲಿ ಮುಳ್ಳು ಎಲ್ಲಿ ನಿಂತಿತು ನೋಡಿ ಗಾಜಿನ ಮೇಲೆ ಸಣ್ಣ ಸ್ಟಿಕ್ಕರ್ ಹಚ್ಚಿ. ತಣ್ಣೀರು ಬೆರೆಸಿ 80, 60 ಕೂಡ ನೋಡಿ. ಮುಳ್ಳು ಹಂತಹಂತವಾಗಿ ಇಳಿಯಬೇಕು. ಒಂದೆಡೆ ನಿಂತು ಆಮೇಲೆ ದಡಕ್ಕನೆ ಬಿದ್ದರೆ ಸೆನ್ಸರ್ ಬದಲಿಸಿ.

ಇಲ್ಲಿ ಕೊಡಗಿನವರಿಗೆ ಮಾತ್ರ ಒಂದು ಎಚ್ಚರಿಕೆ. ಕುದಿಯುವ ನೀರು ಎಂದರೆ 100 ಎಂದು ಲೆಕ್ಕ ಹಿಡಿಯಬೇಡಿ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96ಕ್ಕೇ ಕುದಿಯುತ್ತದೆ, ಸ್ವಲ್ಪ ಕೆಳಗಿರುವ ನಿಮ್ಮಲ್ಲಿ 97ರ ಆಸುಪಾಸು. ಎಂಜಿನ್ನಿಗೂ ಇದೇ ನಿಯಮ. ರೇಡಿಯೇಟರ್ ಮುಚ್ಚಳ ಸರಿಯಿದ್ದು 0.9 ಬಾರ್ ಒತ್ತಡ ಹಿಡಿದರೆ ಕುದಿಬಿಂದು 115 ದಾಟುತ್ತದೆ. ಮುಚ್ಚಳದ ರಬ್ಬರ್ ಒಣಗಿ ಒತ್ತಡ ಸೋರಿದರೆ, ಸುಳ್ಯದಲ್ಲಿ ಕುದಿಯದ ಎಂಜಿನ್ ಮಡಿಕೇರಿಯಲ್ಲಿ ಕುದಿಯುತ್ತದೆ. ಎಷ್ಟು ಬಾರಿನ ಮುಚ್ಚಳ ಎಂದು ಅದರ ಮೇಲೆಯೇ ಒತ್ತಿರುತ್ತದೆ. ಹಳೆಯ ಗಾಡಿಗಳಲ್ಲಿ ಕಡಿಮೆಯದೂ ಇದೆ, ಮೊದಲಿದ್ದಷ್ಟೇ ಬಾರಿನದು ಹಾಕಿ, ಹೆಚ್ಚಿನದು ಹಾಕಿದರೆ ಹಳೆಯ ರೇಡಿಯೇಟರಿನ ಬೆಸುಗೆ ಬಿಡುತ್ತದೆ.

ಸೆನ್ಸರ್ ವಾಪಸು ಕೂರಿಸುವಾಗ ಹೊಸ ತಾಮ್ರದ ವಾಷರ್ ಹಾಕಿ. ಟೆಫ್ಲಾನ್ ಟೇಪ್ ಸುತ್ತಿದರೆ ನೀರು ಸೋರುವುದಿಲ್ಲ, ನಿಜ, ಅರ್ತೂ ಸಿಗದೇ ಹೋಗಬಹುದು, ಆಗ ಮುಳ್ಳು ಕೆಳಗೇ ಇರುತ್ತದೆ. ಬದಲಿಸಬೇಕಾಗಿ ಬಂದರೆ ಹಳೆಯದನ್ನು ಅಂಗಡಿಗೆ ಒಯ್ದು ತೋರಿಸಿ. ಥ್ರೆಡ್ ಕೂತಿತು ಎಂದ ಮಾತ್ರಕ್ಕೆ ಅದೇ ಸೆನ್ಸರ್ ಎಂದಲ್ಲ. ಕೆಂಪು ಲೈಟ್ ಉರಿಸುವ ಸ್ವಿಚ್ ನೋಡಲು ಹೀಗೇ ಇರುತ್ತದೆ, ಗೇಜಿಗೆ ಹಾಕಿದರೆ ಮುಳ್ಳು ಎರಡೇ ಜಾಗ ತೋರಿಸುತ್ತದೆ. ಅಗ್ಗದ ಡೂಪ್ಲಿಕೇಟುಗಳಲ್ಲಿ ಓಮ್ ಲೆಕ್ಕ ಗೇಜಿಗೆ ಹೊಂದುವುದೇ ಇಲ್ಲ, ಅಂಥದ್ದು ಹಾಕಿದ್ದರೆ ಫ್ಲಾಸ್ಕಿನ ಪರೀಕ್ಷೆಯಲ್ಲೇ ಬಯಲಾಗುತ್ತದೆ.

ಈಗ ಥರ್ಮೋಸ್ಟಾಟ್. "ಘಾಟಿ ಗಾಡಿಗೆ ಬೇಡ" ಎನ್ನುವುದು ನಮ್ಮ ಜಿಲ್ಲೆಯ ಗ್ಯಾರೇಜುಗಳಲ್ಲಿ ವೇದವಾಕ್ಯದಂತೆ ಚಾಲ್ತಿಯಲ್ಲಿದೆ. ಅದಕ್ಕೆ ಕಾರಣವೂ ಇದೆ, ಮುಚ್ಚಿಕೊಂಡೇ ಜಾಮ್ ಆದ ಥರ್ಮೋಸ್ಟಾಟ್ ಎಂಜಿನ್ನನ್ನು ಸುಡುತ್ತದೆ. ಆದರೆ ಕೆಟ್ಟದ್ದನ್ನು ಬದಲಿಸುವ ಬದಲು ತೆಗೆದೇಬಿಡುವುದು ಬೇರೆ ಕಥೆ. ಅನೇಕ ಎಂಜಿನ್ನುಗಳಲ್ಲಿ ಅದು ಕಾದಾಗ ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಬೈಪಾಸಿನ ದಾರಿಯನ್ನು ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನೊಳಗೇ ಸುತ್ತುತ್ತದೆ. ಖಾಲಿ ಓಡುವಾಗ ಅತಿ ತಣ್ಣಗೆ, ಎರಡನೇ ಗೇರಿನಲ್ಲಿ ಲೋಡು ಹೊತ್ತು ಹತ್ತುವಾಗ ಅತಿ ಬಿಸಿ. ನಿಮ್ಮ ಗಾಡಿಯ ನಡತೆಗೆ ಇದು ಸರಿಯಾಗಿ ಹೊಂದುತ್ತದೆ. ತಣ್ಣಗಿನ ಡೀಸೆಲ್ ಎಂಜಿನ್ನಿಗೂ ನಷ್ಟವೇ: ಬೆಳಗ್ಗೆ ಬಿಳಿ ಹೊಗೆ, ಹೆಚ್ಚು ಡೀಸೆಲ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆತ.

ಆಯಿಲ್ ಮುಚ್ಚಳದ ಬಿಳಿ ನೊರೆಯ ಮೂಲವೂ ಇದೇ ಇರಬಹುದು. ಎಂಜಿನ್ ಕಾಯದೆ, ತೋಟದಿಂದ ಮನೆಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಮಳೆಗಾಲದ ತೇವ ಆ ಮುಚ್ಚಳದಲ್ಲಿ ಇಬ್ಬನಿಯಂತೆ ಕೂತು ಆಯಿಲ್ ಜೊತೆ ನೊರೆಯಾಗುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ. ಅದರಲ್ಲಿರುವ ಆಯಿಲ್ ಕಪ್ಪಗೇ ಇದ್ದು, ಮಟ್ಟ ಏರದಿದ್ದರೆ ಹೆದರಬೇಡಿ. ಡಿಪ್‌ಸ್ಟಿಕ್ಕಿನಲ್ಲೂ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಅದು ಹೆಡ್ ಗ್ಯಾಸ್ಕೆಟ್ಟಿನ ಅಥವಾ ಬಿರುಕಿನ ಸುಳಿವು, ಗಾಡಿ ಓಡಿಸಬೇಡಿ. ಇನ್ನೊಂದು ಪರೀಕ್ಷೆ: ಬೆಳಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬಿಡದೆ ಬರುತ್ತಲೇ ಇವೆಯೇ? ಮುಚ್ಚಳ ಹಾಕಿ ಒಂದೆರಡು ನಿಮಿಷದೊಳಗೆ, ನೀರು ಬೆಚ್ಚಗಾಗುವ ಮುಂಚೆಯೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ? ಎರಡೂ ಇಲ್ಲ, ನೀರೂ ಇಳಿದಿಲ್ಲ ಎಂದರೆ ಹೆಡ್ ಬಿಚ್ಚಲು ಆಧಾರವೇ ಇಲ್ಲ.

ಹೊಸ ಥರ್ಮೋಸ್ಟಾಟ್ ತಂದಾಗ ಹಾಕುವ ಮುಂಚೆ ಪಾತ್ರೆಯಲ್ಲಿ ಪರೀಕ್ಷಿಸಿ. ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅಂಚಿನಲ್ಲಿ 82 ಎಂದು ಒತ್ತಿದ್ದರೆ ಆ ಹೊತ್ತಿಗೆ ಬಾಯಿ ಬಿಡಲು ಶುರುಮಾಡಬೇಕು, ಹತ್ತು ಹನ್ನೆರಡು ಡಿಗ್ರಿ ಮೇಲೆ ಪೂರ್ತಿ ತೆರೆಯಬೇಕು. 88ರದ್ದಾದರೆ ನಮ್ಮ ಎತ್ತರದಲ್ಲಿ ನೀರು ಕುದಿದರೂ ಅದು ಪೂರ್ತಿ ತೆರೆಯದೇ ಇರಬಹುದು. ಅದನ್ನು ಕೆಟ್ಟದ್ದೆಂದು ಅಂಗಡಿಗೆ ವಾಪಸು ಕೊಟ್ಟವರಿದ್ದಾರೆ! ಕೂರಿಸುವಾಗ ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ, ಚಿಕ್ಕ ಗಾಳಿತೂತು ಇದ್ದರೆ ಅದು ಮೇಲ್ಮುಖವಾಗಿ. ನೀರು ತುಂಬುವಾಗ ಗಾಡಿಯ ಮೂತಿ ಏರು ಕಡೆಗಿರಲಿ, ಮುಚ್ಚಳ ತೆಗೆದಿಟ್ಟು ಗಾಳಿ ಹೊರಬರುವ ತನಕ ಓಡಿಸಿ. ಒಳಗೆ ಗಾಳಿ ಸಿಕ್ಕಿಕೊಂಡು ಸೆನ್ಸರ್ ನೀರಿನ ಬದಲು ಗಾಳಿಯಲ್ಲಿ ನಿಂತರೆ ಮುಳ್ಳು ಕೆಳಗೇ ಇರುತ್ತದೆ, ಎಂಜಿನ್ ಒಳಗೆ ಬೇಯುತ್ತಿರುತ್ತದೆ. ನೀರು ಸೋರಿ ಖಾಲಿಯಾದಾಗಲೂ ಹೀಗೇ. ಏರುವ ಮುಳ್ಳಿಗಿಂತ, ಬಿಸಿ ಎಂಜಿನ್ನಿನಲ್ಲಿ ಹಠಾತ್ತನೆ ಬೀಳುವ ಮುಳ್ಳಿಗೆ ನಾನು ಹೆಚ್ಚು ಹೆದರುತ್ತೇನೆ.

ತೊರೆಯ ನೀರು ತುಂಬುವುದನ್ನು ಬಿಡಿ, ಕೆಸರೂ ಖನಿಜವೂ ಸೇರಿ ರೇಡಿಯೇಟರಿನ ಕೊಳವೆ ಕಟ್ಟುತ್ತವೆ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಸಾಕು. ಫ್ಯಾನ್ ಬೆಲ್ಟ್ ಹೆಬ್ಬೆರಳಲ್ಲಿ ಒತ್ತಿದರೆ 10ರಿಂದ 12 ಮಿಲಿಮೀಟರ್ ಬಾಗಬೇಕು. ರೇಡಿಯೇಟರಿನ ರೆಕ್ಕೆಗಳಲ್ಲಿ ಸಿಲ್ವರ್ ಓಕ್ ಎಲೆಯ ಚೂರು, ಹುಳ, ಕೆಸರು ಸೇರಿರುತ್ತವೆ. ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲನೆಯ ನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ದುಡ್ಡಿನ ಲೆಕ್ಕದಲ್ಲಿ ಆಯ್ಕೆಗಳು ಹೀಗಿವೆ. ಅರ್ತ್ ವೈರ್, ಥರ್ಮೋಸ್ಟಾಟ್, ಬೇಕಿದ್ದರೆ ಮುಚ್ಚಳ: ಇದು ಒಂದು ದಿನದ ಕೆಲಸ, ಇದನ್ನೇ ಮೊದಲು ಮಾಡಿ. ಮೀಟರ್ ಬದಲಿಸುವುದನ್ನು ಕೊನೆಗಿಡಿ, ಅರ್ತ್ ಸರಿಮಾಡದೆ ಬದಲಿಸಿದರೆ ಹೊಸ ಗೇಜೂ ಅದೇ ಕುಣಿತ ಕುಣಿಯುತ್ತದೆ. ಪ್ರತ್ಯೇಕ ಸೆನ್ಸರಿನ ಹೊಸ ಗೇಜನ್ನು ಡ್ಯಾಶ್‌ಬೋರ್ಡ್ ಕೆಳಗೆ ಕೂರಿಸುವುದು ಒಳ್ಳೆಯ ಉಪಾಯವೇ, ಆದರೆ ಹಳೆಯ ಸೆನ್ಸರಿನ ವೈರಿಗೇ ಎರಡನೇ ಗೇಜ್ ಸೇರಿಸಬಾರದು, ಎರಡೂ ತಪ್ಪು ತೋರಿಸುತ್ತವೆ. ಏನೂ ಮಾಡದೆ ಕೊಯ್ಲು ಮುಗಿಸುತ್ತೇನೆ ಎಂದರೆ ತೋಟದೊಳಗೆ ನಡೆದೀತು. ಲೋಡು ಹಾಕಿಕೊಂಡು ಘಾಟಿ ಹತ್ತುವುದು ಬೇಡ, ನಿಜವಾಗಿ ಕಾದ ದಿನ ನಿಮಗೆ ಗೊತ್ತೇ ಆಗುವುದಿಲ್ಲ.

ಎಲ್ಲ ಮುಗಿದ ಮೇಲೆ ಸಂಪಾಜೆಯಿಂದ ಮಡಿಕೇರಿಗೆ ಒಮ್ಮೆ ಹತ್ತಿ. ಮುಂಗಾರಿನಲ್ಲಿ ಆ ದಾರಿಯಲ್ಲಿ ಗಾಳಿ ಪಡುವಣದಿಂದ, ಅಂದರೆ ಬೆನ್ನ ಹಿಂದಿನಿಂದ ಬೀಸುತ್ತದೆ, ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ. ಮುಳ್ಳು ಮಾಮೂಲಿಗಿಂತ ಸ್ವಲ್ಪ ಮೇಲಿದ್ದರೆ ಗಾಬರಿಯಿಲ್ಲ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಲ ತನ್ನಿ. ಥರ್ಮೋಸ್ಟಾಟ್ ಗೂಡಿನ ಹೊಳೆಯುವ ಲೋಹಕ್ಕೆ ನೇರ ಹಿಡಿದರೆ ಅದು ಕಡಿಮೆ ತೋರಿಸುತ್ತದೆ, ಅಲ್ಲಿ ಎರಡು ಇಂಚು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಒಳಗಿನ ನೀರು ಅದಕ್ಕಿಂತ ಐದಾರು ಡಿಗ್ರಿ ಹೆಚ್ಚಿರುತ್ತದೆ. ಅರ್ಧ ದಾರಿಯಲ್ಲಿ ಅಗಲವಾದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರಿಸದೆ ಅಳೆಯಿರಿ. ಟೇಪ್ ಮೇಲೆ 85ರಿಂದ 92 ಬಂದರೆ ಸರಿ. 100 ದಾಟಿದ್ದರೆ ಮುಳ್ಳು ನಿಜ ಹೇಳುತ್ತಿದೆ, ರೇಡಿಯೇಟರನ್ನು ಕಳಚಿ ಒಳಗಿನಿಂದ ರಾಡ್ ಮಾಡಿಸಬೇಕು (ಕೊಳವೆಗಳಿಗೆ ಕಡ್ಡಿ ತೂರಿಸಿ ಶುಚಿ ಮಾಡಿಸಬೇಕು). ಆವಿ ಬರದಿದ್ದರೆ ಹಾಗೇ ಐಡಲಿನಲ್ಲಿ ಓಡಲು ಬಿಡಿ, ಆವಿ ಕಂಡರೆ ಕೂಡಲೇ ಆರಿಸಿ. ಮುಚ್ಚಳ ಮುಟ್ಟಬೇಡಿ, ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಬಿರಿಯುತ್ತದೆ. ಮುಕ್ಕಾಲು ಗಂಟೆ ಬಿಟ್ಟು, ಮೇಲಿನ ಹೋಸನ್ನು ಹಿಂಡಿ ನೋಡಿ ಮೆತ್ತಗಾದ ಮೇಲೆ, ಒದ್ದೆ ಗೋಣಿ ಹೊದಿಸಿ ಮೊದಲ ತಿರುವಿಗಷ್ಟೇ ಸಡಿಲಿಸಿ. ಬುಸ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ತೆಗೆಯಿರಿ.